ಒಂಬತ್ತು ಹಾಡಿಗೂ ವಿನಿತಾ

ಮಗಳ ರೆಕಾರ್ಡ್ ಬಂತೆಂಬ ಸುದ್ದಿಯನ್ನು ವೆಸ್ಟ್ ಬ್ಲೂಮ್‌ಫೀಲ್ಡಿನ ಕನ್ನಡದ ಮನೆಗಳಿಗೆಲ್ಲ ಮುಟ್ಟಿಸಿದವನು ಕಲ್ಲಿನಾಥನೇ. ವಿನಿತಾ ಡೆಟ್ರಾಯಿಟ್‌ನ ಸಣ್ಣ ಸ್ಟುಡಿಯೋ ಒಂದರಲ್ಲಿ ತಗ್ಗು ದನಿಯ ಬೇಸ್ ಗಿಟಾರ್ ನುಡಿಸುತ್ತಿದ್ದಳು. ಅದರ ಯಜಮಾನರು ಜಮೈಕಾದಿಂದ ಬಂದು ನೆಲೆಸಿದ ಹಿರಿಯರು. ಅವರ ರೆಗೆ ಸಂಗೀತದಲ್ಲಿ ಒಂದು ಹಳೆಯ ರೂಢಿಯುಂಟು: ವಾದ್ಯದವರು ಒಂದು ನಡೆಯನ್ನು ನುಡಿಸಿ ಇಟ್ಟರೆ, ಗಾಯಕರು ಒಬ್ಬೊಬ್ಬರಾಗಿ ಬಂದು ಅದರ ಮೇಲೆಯೇ ತಂತಮ್ಮ ಹಾಡು ಕಟ್ಟುತ್ತಾರೆ. ಹಾಗೆ ಒಂಬತ್ತು ಗಾಯಕರ ಒಂಬತ್ತು ಹಾಡು ಸೇರಿ ಈ ರೆಕಾರ್ಡ್ ಆಗಿತ್ತು.

ಇದನ್ನೆಲ್ಲ ಮಗಳು ಫೋನಿನಲ್ಲಿ ಹೇಳಿದ್ದಳು. ಕಲ್ಲಿನಾಥನ ಕಿವಿಗೆ ಬಿದ್ದದ್ದು 'ರೆಕಾರ್ಡ್' ಎಂಬ ಮಾತೊಂದೇ. ಭಾನುವಾರ ಮಗಳನ್ನೂ ನಾಲ್ಕಾರು ಮನೆಯವರನ್ನೂ ಊಟಕ್ಕೆ ಕರೆದುಬಿಟ್ಟ. ಹೆಂಡತಿ ನೀಲಾಂಬಿಕಾ ಬೆಳಿಗ್ಗೆಯಿಂದ ರೊಟ್ಟಿ ಬಡಿದಳು.

ಊಟ ನಡೆದಿರುವಾಗ ಟಿವಿ ಕೆಳಗಿನ ಪುಟ್ಟ ಸ್ಪೀಕರಿನಲ್ಲಿ ಹಾಡು ಹಚ್ಚಿದ. ಮುದುಕನೊಬ್ಬ ಹಾಡಿದ. ಆಮೇಲೆ ಒಬ್ಬ ಹೆಂಗಸು, ಆಮೇಲೆ ಇನ್ನೊಬ್ಬ ಗಂಡಸು.

"ನಿಮ್ಮ ಮಗಳ ಹಾಡು ಯಾವಾಗ ಬರ್ತದ್ರೀ?" ಎಂದು ಡಾಕ್ಟರ್ ನಿಂಗಪ್ಪ ಕೇಳಿದ.

"ಬರ್ತದ, ತಡೀರಿ."

ನಾಲ್ಕನೆಯದೂ ಮುಗಿಯಿತು. "ಎಲ್ಲಾ ಒಂದ ಹಾಡು ಇದ್ದಂಗ ಐತಲ್ರೀ," ಎಂದ ನಿಂಗಪ್ಪ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಿನಿತಾ ಮೆಲ್ಲಗೆ ಹೇಳಿದಳು: "ಅಪ್ಪಾ, ಐ ಡೋಂಟ್ ಸಿಂಗ್. ಬೇಸ್ ನಂದು. ಎಲ್ಲಾದ್ರಲ್ಲೂ."

ಮಂದಿ ತಟ್ಟೆ ನೋಡತೊಡಗಿದರು. ಕಲ್ಲಿನಾಥನ ಮುಖ ಸಣ್ಣದಾಯಿತು. ಕಿವಿಗೊಟ್ಟು ಕೇಳಿದ, ಬೇಸ್ ಎಂಬುದೇ ಇಲ್ಲ. ಅಷ್ಟರಲ್ಲಿ ಅವನೊಳಗಿನ ಎಂಜಿನಿಯರ್ ಎದ್ದು ಕೂತ. ಕಾರಿನೊಳಗೆ ಗುಂಯ್‌ಗುಡುವ ತಗ್ಗಿನ ಸದ್ದನ್ನು ಹುಡುಕಿ ಅಡಗಿಸುವುದೇ ಅವನ ಕೆಲಸ. ಅಂಥ ಸದ್ದು ಅಂಗೈಯಗಲದ ಡಬ್ಬಿಯಿಂದ ಹೊರಡುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದರಾಗ ಆಕಿ ಕೇಳಸೂದಿಲ್ಲ," ಎಂದು ಎದ್ದ. "ಎಲ್ಲಾರೂ ಹೊರಗ ಬರ್ರಿ. ತಾಟು ತಗೊಂಡ ಬರ್ರಿ."

ಡ್ರೈವ್‌ವೇನಲ್ಲಿ ನಿಂತಿದ್ದ ತನ್ನ ಕಾರಿನ ನಾಲ್ಕೂ ಬಾಗಿಲು ತೆರೆದು, ಮೊದಲ ಹಾಡನ್ನೇ ಮತ್ತೆ ಹಚ್ಚಿದ. ಬೇಸ್‌ನ ಸದ್ದು ಕಿವಿಗೆ ಬರುವ ಮೊದಲು ಕಾಲಿಗೆ ಬಂತು. ದಪ್ಪಗೆ, ಯಾವ ಅವಸರವೂ ಇಲ್ಲದೆ ಎರಡು ಹೆಜ್ಜೆ ಇಟ್ಟು, ನಿಂತು, ಮತ್ತೆ ನಡೆಯಿತು. ಮುದುಕ ಮಾತನ್ನು ಎಳೆದೆಳೆದು ಹಾಡಿದರೆ ಅದು ಅವನಿಗಾಗಿ ಕಾಯುವಂತಿತ್ತು. ಹೆಂಗಸು ಅರಳು ಹುರಿದಂತೆ ಹಾಡಿದಾಗಲೂ ಅದು ಮಾತ್ರ ಓಡಲಿಲ್ಲ.

ನಿಂಗಪ್ಪ ಎದೆಯ ಮೇಲೆ ಕೈಯಿಟ್ಟುಕೊಂಡ. "ಇಲ್ಲಿ ಬಡೀತದಲ್ರೀ," ಎಂದ. ನೀಲಾಂಬಿಕಾ ಕಾರಿಗೆ ಆತು ಕಣ್ಣು ಮುಚ್ಚಿದ್ದಳು.

ಕಲ್ಲಿನಾಥ ಮಗಳ ಬೆರಳುಗಳನ್ನು ನೋಡಿದ. ಗಟ್ಟಿಯಾಗಿ ಜಡ್ಡುಗಟ್ಟಿದ ತುದಿಗಳು. ಇಷ್ಟು ದಿನ ಅವು ಕಣ್ಣಿಗೇ ಬಿದ್ದಿರಲಿಲ್ಲ. ವಾಲ್ಯೂಮ್ ಇನ್ನಷ್ಟು ಏರಿಸಿದ.

"ಮುಂದಿನ ತಿಂಗಳು ಶಿಕಾಗೋದಲ್ಲಿ ಶೋ ಇದೆ," ಎಂದಳು ವಿನಿತಾ. "ನೀವು ಬರ್ತೀರೋ ಇಲ್ವೋ ಅಂತ ನಾನೇ ಹೇಳಿರ್ಲಿಲ್ಲ."

"ನಾನ ಡ್ರೈವ್ ಮಾಡ್ತೀನಿ," ಎಂದ ಕಲ್ಲಿನಾಥ. "ಮುಂದಿನ ಸಾಲಿನಾಗ ಕೂಡ್ತೀನಿ."

ಮುಂದಿನ ಹಾಡು ಶುರುವಾಯಿತು. ಹೊಸ ಗಾಯಕ, ಹೊಸ ಮಾತು. ಕಲ್ಲಿನಾಥ ಎಲ್ಲರ ಕಡೆ ತಿರುಗಿ ಹೇಳಿದ: "ಇದೂ ನಮ್ಮ ವಿನಿತಾನ."