ಆಂತ್ವಾನನ ಪೂರ್ತಿ ಹೆಸರು

“ಮೊದಲನೇ ಹೆಸರು ನೋಡ್ಬೇಡಿ. ಗಂಡಾದ್ರೆ ಜೋಸೆಫ್, ಹೆಣ್ಣಾದ್ರೆ ಮರೀ. ಬೇರೆ ಯಾರೂ ಈ ಊರಲ್ಲಿ ಹುಟ್ಟೇ ಇಲ್ಲ ಅನ್ಕೋಬೇಕು,” ಎನ್ನುತ್ತ ಮುದಿ ಪಾದ್ರಿ ಚರ್ಚಿನ ದಫ್ತರವನ್ನು ಒನೆಸಿಮ್ ಬೆಲ್‌ರೋಸನ ಮುಂದಕ್ಕೆ ತಳ್ಳಿದರು.

ಒನೆಸಿಮ್ ನದಿ ದಾಟಿ ಬಂದದ್ದು ಮೆನಾರ್ ಮನೆತನದ ಬುಡ ಕೆದಕುವುದಕ್ಕೆ. ಮಗಳು ದೆಲಿಮಾ ಆ ಮನೆಯ ಝೋತಿಕನನ್ನು ಒಪ್ಪಿದ್ದಳು. ಮದುವೆಯ ಘೋಷಣೆಯನ್ನು ಚರ್ಚಿನಲ್ಲಿ ಎರಡು ಭಾನುವಾರ ಓದಿಯಾಗಿತ್ತು. ನಾಳೆ ಮೂರನೆಯದು, ತಕರಾರಿದ್ದವರಿಗೆ ಅದೇ ಕೊನೆಯ ಅವಕಾಶ. ಮೆನಾರರು ನಲವತ್ತು ವರ್ಷಗಳ ಹಿಂದೆ, ಈ ದಡದ ಹೊಲ ಬಿಟ್ಟು, ಆಚೆಗೆ ಒನೆಸಿಮನ ದಡದಲ್ಲಿ ದೋಣಿ ನಡೆಸಲು ಹೋದವರು. ಕಾರಣವಿಲ್ಲದೆ ಯಾರಾದರೂ ಊರು ಬಿಡುತ್ತಾರೆಯೆ? “ನಾಳೆ ನೋಡ್ತಿರಿ,” ಎಂದು ಒನೆಸಿಮ್ ಊರವರಿಗೆ ಹೇಳಿಯೂ ಇದ್ದ.

ಬೆಳಿಗ್ಗೆ ಅವನನ್ನು ದಾಟಿಸಿದವನು ಝೋತಿಕನ ತಂದೆ ಸಿಪ್ರಿಯೆನ್ ಮೆನಾರನೇ. “ಏನ್ ಬೀಗರೇ, ಹುಡುಗನ ಹಲ್ಲು ಎಣಿಸಿ ಆಯ್ತು, ಈಗ ಅವನ ಮುತ್ತಜ್ಜನ ಹಲ್ಲು ಎಣಿಸೋಕೆ ಹೊರಟ್ರಾ?” ಎಂದು ನಕ್ಕಿದ್ದ. ಆ ನಗುವನ್ನೂ ಒನೆಸಿಮ್ ನಂಬಲಿಲ್ಲ.

ಫ್ರಾನ್ಸಿನಿಂದ ಹಡಗಿಳಿದ ಮೊದಲ ಮೆನಾರನವರೆಗೆ ಆರು ತಲೆಮಾರು. ಪ್ರತಿಯೊಂದರಲ್ಲೂ ಮದುವೆಗೂ ಚೊಚ್ಚಲ ಮಗುವಿಗೂ ನಡುವಿನ ತಿಂಗಳುಗಳನ್ನು ಅವನು ಬೆರಳು ಮಡಚಿ ಎಣಿಸಿದ. ಹನ್ನೊಂದು, ಹತ್ತು, ಹದಿಮೂರು. ಒಂಬತ್ತಕ್ಕೆ ಕಡಿಮೆ ಎಲ್ಲಿಯೂ ಇರಲಿಲ್ಲ.

ಆಮೇಲೆ 1799ರ ಪುಟ. ಸಿಪ್ರಿಯೆನನ ಅಜ್ಜನ ತಂಗಿ ಮರೀ-ಲೂಯಿಸ್ ಮೆನಾರಳ ಮದುವೆ. ವರ, ಪಿನ್ಸೊನೋ ಎಂಬ ಮನೆತನದ, ‘ಬೆಲ್‌ರೋಸ್ ಎಂದು ಕರೆಯಲಾಗುವ’ ಆಂತ್ವಾನ್.

“ಬೆಲ್‌ರೋಸರು ಬೇಕಾದಷ್ಟು ಜನ ಇದಾರೆ,” ಎಂದ ಒನೆಸಿಮ್.

“ಇದಾರೆ. ಪಡೆಯಲ್ಲಿ ಸಿಪಾಯಿಗಳಿಗೆ ಇಡ್ತಿದ್ದ ಅಡ್ಡಹೆಸರಲ್ವೇ ಅದು? ಮಕ್ಕಳು ಮನೆತನದ್ದು, ಪಡೆದು, ಎರಡರಲ್ಲಿ ಯಾವ್ದನ್ನೋ ಇಟ್ಕೊಳ್ಳೋರು, ಯಾವ್ದನ್ನೋ ಬಿಡೋರು. ತಾಯಿ ಹೆಸರು ನೋಡಿ. ಹೆಂಗಸರು ತವರಿನ ಹೆಸರನ್ನ ಗೋರಿವರೆಗೂ ಒಯ್ತಾರೆ.”

ವರನ ತಾಯಿ, ಕಾತ್ರೀನ್ ಕ್ವಿಂತಾಲ್. ಒನೆಸಿಮನ ಮನೆಯಲ್ಲಿ ಅಜ್ಜ ಆಂತ್ವಾನ್ ಬೆಲ್‌ರೋಸನ ಮದುವೆಪತ್ರವಿತ್ತು. ಅದರ ವರ್ಷ 1806. ಅದರಲ್ಲಿಯೂ ವರನ ತಾಯಿ ಕಾತ್ರೀನ್ ಕ್ವಿಂತಾಲಳೇ. ವಧು ಮಾತ್ರ ಬೇರೆ.

ಅವನು ಮರಣದ ದಫ್ತರ ಕೇಳಿ ಪಡೆದ. 1823: ಮರೀ-ಲೂಯಿಸ್ ಮೆನಾರ್, ಪತಿ ಆಂತ್ವಾನ್ ಪಿನ್ಸೊನೋ, ಊರಿನಲ್ಲಿಲ್ಲ. ಇಪ್ಪತ್ತಮೂರರಲ್ಲಿ ಆರು ಕಳೆದರೆ ಹದಿನೇಳು. ಅಜ್ಜ ಎರಡನೆಯ ಸಲ ಉಂಗುರ ತೊಡಿಸಿದ ಮೇಲೆ ಮೊದಲನೆಯವಳು ಹದಿನೇಳು ವರ್ಷ ಬದುಕಿದ್ದಳು. ಹಾಗಾದರೆ ಆ ಎರಡನೆಯ ಮದುವೆ ಮದುವೆಯಲ್ಲ. ಅದರಲ್ಲಿ ಹುಟ್ಟಿದ ಒನೆಸಿಮನ ತಂದೆ ಸಕ್ರಮ ಸಂತಾನವಲ್ಲ.

ಮರಳುವಾಗಲೂ ದೋಣಿ ಸಿಪ್ರಿಯೆನನದೇ. ನಡುಹೊಳೆಯಲ್ಲಿ ಒನೆಸಿಮ್ ಕೇಳಿದ: “ನಿಮಗೆ ಗೊತ್ತಿತ್ತು. ಸೇಡಿಗೆ ಮಗನ್ನ ನನ್ನ ಮನೆಗೆ ಬಿಟ್ರಾ?”

“ನನ್ನ ಕೇಳಿ ಮನಸು ಕೊಟ್ನೇನ್ರೀ ಅವನು?” ಸಿಪ್ರಿಯೆನ್ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. “ಆಯಮ್ಮ ಸತ್ತಾಗ ನಂಗೆ ಏಳು ವರ್ಷ. ಗಂಡ ಇದಾನೋ ಸತ್ನೋ ತಿಳೀದೆ ವಿಧವೇರ ಕರೀ ಬಟ್ಟೇನೂ ಉಡ್ಲಿಲ್ಲ, ಹೊಸ ಬಟ್ಟೇನೂ ಉಡ್ಲಿಲ್ಲ. ಅದಕ್ಕೆ ನಿಮ್ಮ ಹುಡುಗಿ ಏನ್ಮಾಡ್ತಾಳೆ?”

“ಇನ್ಯಾರಿಗೆ ಗೊತ್ತು?”

“ನಮ್ಮ ದಡದಲ್ಲಿ ನಂಗೊಬ್ಬನಿಗೆ. ಇವತ್ತಿಂದ ಇಬ್ಬರಿಗೆ. ನೆಟ್ಟಗೆ ಕೂತ್ಕೊಳ್ಳಿ, ದೋಣಿ ವಾಲ್ತಿದೆ.”

ಭಾನುವಾರ ಒನೆಸಿಮನ ಊರಿನ ಪಾದ್ರಿ ವಧೂವರರ ಹೆಸರುಗಳನ್ನು ಓದಿ, ತಕರಾರಿದೆಯೇ ಎಂದು ತಲೆಯೆತ್ತಿದರು. ಊರಿಗೆ ಊರೇ ಒನೆಸಿಮನ ಕಡೆ ತಿರುಗಿತು. ಅವನು ಎದ್ದು ನಿಂತ. ದೆಲಿಮಾಳ ಮುಖ ಬಿಳಿಚಿತು. ಬಾಗಿಲ ಬಳಿ, ಬಾಡಿಗೆ ತೆತ್ತು ಸ್ವಂತ ಬೆಂಚು ಹಿಡಿಯಲಾರದವರ ನಡುವೆ, ಸಿಪ್ರಿಯೆನ್ ಹೆಂಡತಿಯೊಂದಿಗೆ ನಿಂತಿದ್ದ.

ಒನೆಸಿಮ್ ಬೆಲ್‌ರೋಸರ ಬೆಂಚಿನ ಕಿರುಬಾಗಿಲ ಅಗುಳಿ ತೆಗೆದು, ಅದನ್ನು ಪೂರ್ತಿ ತೆರೆದಿಟ್ಟು, ಗೋಡೆಯ ಕಡೆಗೆ ಸರಿದು ಕುಳಿತ. ದೆಲಿಮಾ ಪ್ರಾರ್ಥನೆಯ ಪುಸ್ತಕವನ್ನು ಬೆಂಚಿನಿಂದೆತ್ತಿ ಮಡಿಲಲ್ಲಿಟ್ಟುಕೊಂಡಳು. ಅವಳ ಪಕ್ಕದಲ್ಲಿ ಇಬ್ಬರು ಕೂರುವಷ್ಟು ಹಲಗೆ ಬರಿದಾಗಿ ಹೊಳೆಯುತ್ತಿತ್ತು.