ಬೆಂಕಿಗೆ ಅಂಗಿ

ಒಂದೂರಿಗೆ ಒಬ್ಬ ರಾಜನಿದ್ದ. ಅವನಿಗೆ ಎಲ್ಲ ಇತ್ತು, ಮಾಡಲು ಕೆಲಸ ಮಾತ್ರ ಇರಲಿಲ್ಲ. ಒಂದು ದಿನ ಡಂಗುರ ಹೊಡೆಸಿದ: ಬೆಂಕಿಗೆ ಅಂಗಿ ತೊಡಿಸಿದವರಿಗೆ ಅರ್ಧ ರಾಜ್ಯ. ದರ್ಜಿಗಳು ರೇಷ್ಮೆ ತಂದರು, ಸುಟ್ಟಿತು. ಪಂಡಿತರು ಮಂತ್ರ ತಂದರು, ಗಡ್ಡ ಸುಟ್ಟಿತು. ಕೊನೆಗೆ ಒಬ್ಬ ಮುದುಕಿ ಬಂದು ಕೆಂಡದ ಮೇಲೆ ಒಂದು ಹಿಡಿ ಬೂದಿ ಉದುರಿಸಿದಳು. ಬೆಂಕಿ ಬೂದುಬಣ್ಣದ ಅಂಗಿ ತೊಟ್ಟು ಸುಮ್ಮನೆ ಮಲಗಿತು.

ನಮ್ಮಜ್ಜಿ ನಾಗೂಬಾಯಿ ಈ ಕಥೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ರಾಜ ಅರ್ಧ ರಾಜ್ಯ ಕೊಟ್ಟನೇನು ಎಂದು ಕೇಳಿದರೆ ಮಾತ್ರ ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸುತ್ತಿದ್ದಳು. ಕಥೆಯ ಮುದುಕಿಯನ್ನು ನಾನೇ ಮನಸ್ಸಿನಲ್ಲಿ ಸಿಂಹಾಸನದ ಮೇಲೆ ಕೂರಿಸಿ, ಸುತ್ತ ಕುರಿಮರಿ ನಿಲ್ಲಿಸಿ, ನಿದ್ದೆ ಹೋಗುತ್ತಿದ್ದೆ. ರಾಜರು ಎಂಥವರೆಂದು ಗೊತ್ತಾದದ್ದು ಇಚಲಕರಂಜಿಗೆ, ಸೋದರತ್ತೆಯ ಮನೆಗೆ ಬಂದ ಮೇಲೆ.

ಇಚಲಕರಂಜಿಯ ನಮ್ಮ ರಾಜನಿಗೆ ಕುದುರೆ, ಆನೆ ಇರಲಿಲ್ಲ. ಮಗ್ಗಗಳ ಸದ್ದಿನ ನಡುವೆ ಒಂದು ತಗಡಿನ ಗ್ಯಾರೇಜು ಇತ್ತು. ಹೆಸರು ದಾದಾಸಾಹೇಬ. ಹಳೆ ಲಾರಿಗಳ ತುಕ್ಕು ಕೆರೆಸಿ, ಬಣ್ಣ ಹಚ್ಚಿಸಿ, ಹೊಸದೆಂದು ನಂಬಿಸುವುದು ಅವನ ರಾಜ್ಯಭಾರ. ನಮ್ಮ ಸೋದರತ್ತೆ ಹಣಮವ್ವ ಅಲ್ಲಿ ತುಕ್ಕು ಕೆರೆಯುತ್ತಿದ್ದಳು. ಗಡಹಿಂಗ್ಲಜ ಕಡೆಯ ಹಳ್ಳಿಯವಳು. ಅಲ್ಲಿ ಕುರಿಗಳು ಮೈದುನರ ಪಾಲಿಗೆ ಹೋದವು, ಇವಳ ಪಾಲಿಗೆ ಊರು ಬಿಡುವುದು ಬಂತು.

ಎಂಟು ವರ್ಷ ಅವಳು ಲಾರಿಯ ಕೆಳಗೆ ಅಂಗಾತ ಮಲಗಿ ಕೆರೆದಳು. ಅವಳ ಜೊತೆ ಇನ್ನೂ ನಾಲ್ವರು. ಕೆರೆದದ್ದೆಲ್ಲ ಕಣ್ಣಿಗೆ, ಕೂದಲಿಗೆ, ಬಾಯಿಗೆ. ಉಗುಳಿದರೆ ಕೆಂಪು. ಎಲೆ ತಿನ್ನದ ಹೆಂಗಸರೂ ಅಲ್ಲಿ ಕೆಂಪಗೆ ಉಗುಳುತ್ತಿದ್ದರು. ಕುಂಚ ಹಿಡಿಯುವವರು ಗಂಡಸರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿತ್ತು. ನಟ್ಟು ಬಿಚ್ಚುವ ಪಾನಾಗಳಿಗೂ ಒಂದೊಂದು ನಂಬರ್ ಇತ್ತು. ಹೆಂಗಸರಿಗೆ ಒಟ್ಟು ಒಂದೇ ಸಾಲು, ಮರಾಠಿಯಲ್ಲಿ: ‘ಬಾಯಕಾ, ಐದು’.

ಆ ಸಾಲಿನ ಅರ್ಥ ತಿಳಿದದ್ದು ಅರವತ್ತಮೂರನೆಯ ಇಸವಿಯಲ್ಲಿ. ಕೊಲ್ಲಾಪುರದಿಂದ ಆಗತಾನೆ ಬಂದ ಲಾರಿಯನ್ನು ಆರುವ ಮೊದಲೇ ಕೆರೆಯಲು ದಾದಾಸಾಹೇಬ ಹೇಳಿದ. ಹೊಗೆಯ ಕೊಳವೆಗೆ ಹಣಮವ್ವನ ಮುಂಗೈ ಅಂಟಿಕೊಂಡಿತು. ದವಾಖಾನೆಯವರು ಎಲ್ಲಿ ಕೆಲಸ ಎಂದು ಕೇಳಿ, ಖರ್ಚು ಕೇಳಲು ಗ್ಯಾರೇಜಿಗೆ ಆಳು ಕಳಿಸಿದರು. ದಾದಾಸಾಹೇಬ ಪುಸ್ತಕ ಬಿಡಿಸಿ ತೋರಿಸಿದ. ಹಣಮವ್ವ ಅನ್ನುವವಳು ನಮ್ಮಲ್ಲಿ ಯಾರೂ ಇಲ್ಲ ಎಂದ. ಪುಸ್ತಕ ಸುಳ್ಳು ಹೇಳಲಿಲ್ಲ. ಅದರಲ್ಲಿ ಅವಳು ಇರಲಿಲ್ಲ. ಸುಟ್ಟ ಚರ್ಮ ಮಾತ್ರ ಮುಂಗೈ ಮೇಲೆ ಎಲ್ಲರಿಗೂ ಕಾಣುವಂತೆ ಇತ್ತು.

ಮರುವರ್ಷ ಒಂದು ಸಕ್ಕರೆ ಕಾರ್ಖಾನೆಯ ಹನ್ನೆರಡು ಲಾರಿಗಳ ಕೆಲಸ ಬರುವ ಹಾಗಾಯಿತು. ಅವುಗಳ ಸೈಲೆನ್ಸರ್ ಕೊಳವೆಗಳು ತುಕ್ಕು ಹಿಡಿದು ತೂತು ಬೀಳುತ್ತಿದ್ದವು. ತೂತಿನಿಂದ ಹಾರಿದ ಕಿಡಿಗೆ ಹಿಂದಿನ ಸುಗ್ಗಿಯಲ್ಲಿ ಕಬ್ಬಿನ ರವದಿಯ ಒಣ ಎಲೆ ಹತ್ತಿ ಒಂದು ಲಾರಿ ಉರಿದುಹೋಗಿತ್ತು. ಕಾರ್ಖಾನೆಯ ಸಾಹೇಬ ಒಂದೇ ಕರಾರು ಹಾಕಿದ: ಕೊಳವೆಗೆ ಹಚ್ಚಿದ ಬಣ್ಣ ಒಂದು ತಿಂಗಳು ಓಡಿದ ಮೇಲೂ ಕೊಳವೆಯ ಮೇಲೇ ಇರಬೇಕು.

ಬಣ್ಣ ಆರಿಸಲು ದಾದಾಸಾಹೇಬನ ಅಳಿಯ ಜಿನಪಾಲ ಬಂದ. ಪುಣೆಯಲ್ಲಿ ಎರಡು ವರ್ಷ ಇದ್ದು ಬಂದವನು. ಅಲ್ಲಿ ಏನು ಕಲಿತನೋ ಯಾರಿಗೂ ಗೊತ್ತಿಲ್ಲ. ಟೈ ಕಟ್ಟಲು ಕಲಿತಿದ್ದ. ಕೊಲ್ಲಾಪುರದ ಅಂಗಡಿಯಿಂದ ನಾಲ್ಕು ಡಬ್ಬಿ ತಂದು ಬಾಗಿಲ ಬಿಸಿಲಲ್ಲಿ ಇಟ್ಟು, ತಲೆ ಓರೆ ಮಾಡಿ, ಸೀರೆ ಆರಿಸುವವನಂತೆ ನೋಡಿದ. ಯಾವುದು ಹೆಚ್ಚು ಹೊಳೆಯಿತೋ ಅದನ್ನು ಎತ್ತಿಕೊಂಡ. ಬೆಳ್ಳಿಯ ಬಣ್ಣದ್ದು. ಸೈಲೆನ್ಸರಿಗೂ ಅದೇ, ಲಾರಿಯ ಅಡಿಚೌಕಟ್ಟು ಚಾಸಿಗೂ ಅದೇ; ಜೋಡಿ ಚೆನ್ನಾಗಿ ಕಾಣುತ್ತದೆ ಎಂದ. ದಾದಾಸಾಹೇಬನ ಕಣ್ಣಲ್ಲಿ ನೀರೇ ಬಂತು, ಅಳಿಯನ ಜಾಣತನಕ್ಕೆ.

ಲಾರಿಯ ಕೆಳಗಿಂದ ಹಣಮವ್ವನ ತಲೆ ಹೊರಬಂತು.

“ಚಾಸಿ ಕೆಸರಾಗ ಇರತೈತ್ರಿ, ಕೊಳವಿ ಕೆಂಡದಾಗ ಇರತೈತಿ. ಇಬ್ಬರಿಗೂ ಒಂದ ಅಂಗಿ ಹೊಲಿಸಿದ್ರ ಹೆಂಗ್ರಿ?”

ಕುಂಚದ ಗಂಡಸರು ನಕ್ಕರು. ದಾದಾಸಾಹೇಬನೂ ನಕ್ಕ. ನಗುನಗುತ್ತಲೇ ಡಂಗುರ ಹೊಡೆದ:

“ಹಂಗಾರ ನೀನ ಆರಿಸವಾ. ತಿಂಗಳಾ ಉಳೀತಂದ್ರ ಹಾಜರಿಯೊಳಗ ನಿನ್ನ ಹೆಸರ ಬರೀತೇನಿ. ಪೇಂಟರ್ ಹಣಮವ್ವ.”

“ಐದೂ ಮಂದೀದು ಬರೀಬೇಕ್ರಿ, ಮಾಲಕರ.”

“ಬರೀತೇನಿ ತಗೋ. ನನ್ನ ನಾಲಿಗಿ ಒಂದ ಐತಿ.”

ಹಾವಿಗೆ ಎರಡಿರುತ್ತವೆ ಎಂದು ಅಜ್ಜಿ ಹೇಳುತ್ತಿದ್ದಳು. ಒಂದರಲ್ಲೇ ಅಷ್ಟು ಕೆಲಸ ಮಾಡುವವರ ಕಥೆ ಅವಳಿಗೆ ಗೊತ್ತಿರಲಿಲ್ಲ.

ಹಣಮವ್ವ ಹಳೆ ಕೊಳವೆಯ ನಾಲ್ಕು ತುಣುಕು ತಂದು, ನಾಲ್ಕಕ್ಕೂ ಒಂದೊಂದು ಬಣ್ಣ ಹಚ್ಚಿ, ಎರಡು ದಿನ ಒಣಗಿಸಿ, ರೊಟ್ಟಿ ಸುಡುವ ಹೆಂಚಿನ ಕೆಳಗೆ ಒಲೆಯಲ್ಲಿ ಇಟ್ಟಳು. ಕಪ್ಪು ಬಣ್ಣ ರೊಟ್ಟಿಯಂತೆ ಉಬ್ಬಿ ಒಡೆಯಿತು; ಅದರ ನಾತಕ್ಕೆ ಆ ದಿನ ನಾವು ಉಣ್ಣಲಿಲ್ಲ. ಕೆಂಪು ಪುಡಿಪುಡಿಯಾಗಿ ಉದುರಿತು. ಜಿನಪಾಲನ ಬೆಳ್ಳಿ ಮೊದಲು ಹಳದಿಯಾಯಿತು, ಆಮೇಲೆ ಉಳ್ಳಾಗಡ್ಡಿ ಸಿಪ್ಪೆಯಂತೆ ಸುರುಳಿಯಾಗಿ ಎದ್ದಿತು. ನಾಲ್ಕನೆಯದು ಚಿತ್ರವಿಲ್ಲದ ಡಬ್ಬಿಯದು, ಶಾಖ ತಡೆಯಲೆಂದೇ ಮಾಡಿದ ಎಣ್ಣೆಯಲ್ಲಿ ಅಲ್ಯುಮಿನಿಯಂ ಪುಡಿ ಕಲಸಿದ್ದು. ಬೂದಿಯ ಹಾಗಿದೆ ಎಂದು ಜಿನಪಾಲ ಅದನ್ನು ಕಾಲಿನಿಂದ ಸರಿಸಿದ್ದ. ಅದು ತುಸು ಹೊಗೆಯಾಡಿ, ಗಟ್ಟಿಯಾಗಿ, ಕಬ್ಬಿಣಕ್ಕೆ ಕಚ್ಚಿಕೊಂಡಿತು.

ಪೂರ್ತಿ ಅಲ್ಲ. ತುಕ್ಕು ಉಳಿದ ಕಡೆ ಎದ್ದಿತ್ತು. ದಪ್ಪ ಹಚ್ಚಿದ ಕಡೆ ಗುಳ್ಳೆ ಬಂದಿತ್ತು. ಎರಡನೆಯ ಸಲ ಅವಳು ಕಬ್ಬಿಣ ಬೆಳ್ಳಗೆ ಒರಟಾಗುವ ತನಕ ಉಜ್ಜಿ, ಜಿಡ್ಡು ಒರೆಸಿ, ತೆಳ್ಳಗೆ ಹಚ್ಚಿ, ಹೊಸ ಹೆಂಚನ್ನು ಮೊದಲ ದಿನ ಕಾಯಿಸುವಂತೆ ಸಣ್ಣ ಉರಿಯಲ್ಲಿ ಮೆಲ್ಲಗೆ ಕಾಯಿಸಿದಳು. ಈ ಸಲ ಉಗುರು ಹಾಕಿದರೂ ಬರಲಿಲ್ಲ. ಚಾಸಿಯ ತುಣುಕಿನ ಮೇಲೆ ಕೆಂಪಿನ ಅಸ್ತರ ಕೊಟ್ಟು ಕಪ್ಪು ಹಚ್ಚಿ ಬಚ್ಚಲ ಕೆಸರಿನಲ್ಲಿ ಹೂತಿಟ್ಟಳು. ಹದಿನೈದು ದಿನ ಬಿಟ್ಟು ತೆಗೆದಾಗ ಅದು ಇಟ್ಟಂತೆಯೇ ಇತ್ತು.

ಮಾಯಪ್ಪ ಎಂಬ ಡ್ರೈವರ್ ಗಡಹಿಂಗ್ಲಜದಿಂದ ಬೆಲ್ಲ ಹೇರುತ್ತಿದ್ದ. ಅವನ ಲಾರಿಯ ಕೊಳವೆಗೆ ಹಣಮವ್ವ ಬಣ್ಣ ಹಚ್ಚಿಕೊಟ್ಟಳು, ಪರೀಕ್ಷೆ ನಡೆಯಿತು. ಘಟ್ಟ ಹತ್ತಿತು, ಮಳೆಯಲ್ಲಿ ನೆನೆಯಿತು, ಕಾದ ಕೊಳವೆಗೆ ಹಳ್ಳದ ನೀರು ಬಡಿಯಿತು. ತಿಂಗಳು ಕಳೆಯಿತು. ಕಾರ್ಖಾನೆ ಸಾಹೇಬ ಮೊಳೆಯಿಂದ ಗೀರಿ ನೋಡಿ, ಹನ್ನೆರಡೂ ಲಾರಿ ತಗೊಳ್ಳಿ ಎಂದ.

ಗ್ಯಾರೇಜಿನಲ್ಲಿ ಸಮಾರಂಭವಾಯಿತು. ಜಿನಪಾಲನಿಗೆ ಹಾರ. ಪುಣೆಯ ವಿದ್ಯೆಯ ಬಗ್ಗೆ ದಾದಾಸಾಹೇಬನ ಭಾಷಣ. ಹಣಮವ್ವನಿಗೆ ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಖಣ. ಅವಳು ಖಣ ಹಿಡಿದುಕೊಂಡೇ ಹಾಜರಿಯ ಮಾತು ಕೇಳಿದಳು.

“ಖಣ ಕೊಟ್ಟೇನಲ್ಲ,” ಎಂದ ದಾದಾಸಾಹೇಬ. “ಹೆಣ್ಣಮಕ್ಕಳಿಗೆ ಖಣ, ಗಂಡಸರಿಗೆ ಹಾಜರಿ. ಬಣ್ಣ ಯಾವದಂತ ಗೊತ್ತಾತು, ಇನ್ನ ನೀ ಹೋಗಿ ಕೆರಿ.”

ಅವಳು ಕೆರೆಯಲಿಲ್ಲ. ಮರುದಿನ ಐವರೂ ಬಂದು ಕೆರೆಯುವ ಪಟ್ಟಿಗಳನ್ನು ಬಾಗಿಲಲ್ಲಿ ಸಾಲಾಗಿ ಇಟ್ಟು ಎದುರಿನ ಬೇವಿನ ಮರದ ಕೆಳಗೆ ಕೂತರು. ದಾದಾಸಾಹೇಬ ತಲೆ ಕೆಡಿಸಿಕೊಳ್ಳಲಿಲ್ಲ. ಬಣ್ಣ ಒಳ್ಳೆಯದಿದ್ದರೆ ಕೆರೆಯುವುದು ಯಾಕೆ ಎಂದು ಅಳಿಯ ಕೇಳಿದ್ದ. ಇಷ್ಟು ದೊಡ್ಡ ಪ್ರಶ್ನೆಗೆ ಉತ್ತರ ಹುಡುಕುವ ವಯಸ್ಸು ಮಾವನದಲ್ಲ. ಖಂಡೇನವಮಿಯ ಆಯುಧಪೂಜೆಯ ದಿನ ಮುಹೂರ್ತ ನೋಡಿ ಹನ್ನೆರಡೂ ಕೊಳವೆಗಳ ಮೇಲೆ ಅರಿಸಿನ ಕಲಸಿದ ಎಣ್ಣೆಯಿಂದ ದಾದಾಸಾಹೇಬ ತಾನೇ ಬೆರಳಾಡಿಸಿ ಶ್ರೀಕಾರ ಬರೆದ. ಅದರ ಮೇಲೆಯೇ ಬೂದುಬಣ್ಣ ಬಿತ್ತು, ತುಕ್ಕಿನ ಮೇಲೆ, ಎಣ್ಣೆಯ ಮೇಲೆ, ಸಗಣಿ ಸಾರಿಸಿದಷ್ಟು ದಪ್ಪಗೆ.

ಐದನೆಯ ದಿನಕ್ಕೆ ಲಾರಿಗಳು ತಿರುಗಿ ಬಂದವು. ಎಲ್ಲದರಲ್ಲೂ ಮೊದಲು ಸುಲಿದದ್ದು ಶ್ರೀಕಾರವೇ. ಹನ್ನೆರಡು ಲಾರಿಗಳ ಹೊಟ್ಟೆಯ ಕೆಳಗೆ ತುಕ್ಕಿನಲ್ಲಿ ಬರೆದ ಹನ್ನೆರಡು ಶುಭಾಶಯ.

ಕಾರ್ಖಾನೆ ಸಾಹೇಬ ಬೆಲ್ಲದ ಲಾರಿಗೆ ಬಣ್ಣ ಹಚ್ಚಿದವರು ಯಾರು ಎಂದು ಕೇಳಿದ. ಜಿನಪಾಲ ಟೈ ಸರಿಮಾಡಿಕೊಂಡ. ಮಾಯಪ್ಪ ಬೇವಿನ ಮರದ ಕಡೆ ಬೊಟ್ಟು ಮಾಡಿದ. ಎಂಟು ದಿನದಲ್ಲಿ ಅವರ ಕೈಯಿಂದ ಆದರೆ ಸರಿ, ಇಲ್ಲವಾದರೆ ಲಾರಿಗಳು ಬೇರೆ ಕಡೆ ಹೋಗುತ್ತವೆ ಎಂದು ಸಾಹೇಬ ಅಲ್ಲೇ ಕುರ್ಚಿ ಹಾಕಿಸಿಕೊಂಡ.

ದಾದಾಸಾಹೇಬ ಮರದ ತನಕ ನಡೆದು ಬಂದ. ಅಷ್ಟು ದೂರ ಅವನು ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಕಂಕುಳಲ್ಲಿ ಹಾಜರಿ ಪುಸ್ತಕ. ಬರೆದೇ ತಂದಿದ್ದೇನೆ, ಏಳಿರಿ ಎಂದ. ಆದರೆ ಐವರಲ್ಲಿ ಒಬ್ಬಳು, ನೇಕಾರರ ಮನೆಯ ಶಾಲನ ಎಂಬುವಳು, ಮರಾಠಿ ಸಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವಳು. ಪುಸ್ತಕ ಇಸಿದುಕೊಂಡು ಓದಿದಳು: “‘ಪೇಂಟರ್ ಬಾಯಕಾ, ಐದು.’ ಹಣಮಕ್ಕಾ, ಇನ್ನೂ ಐದ ಅದೇವಿ.”

“ಹೆಸರ ಬರೀರಿ, ಮಾಲಕರ,” ಎಂದಳು ಹಣಮವ್ವ. “ನಮಗೇನ ಗಡಬಡಿ ಇಲ್ಲ. ನೆರಳ ಚಲೋ ಐತಿ.”

ದಾದಾಸಾಹೇಬ ಪೆನ್ನು ತೆರೆದ. ಅವನಿಗೆ ಹೆಸರುಗಳು ಗೊತ್ತಿರಲಿಲ್ಲ. ಎಂಟು ವರ್ಷ ಅವನ ಲಾರಿಯ ಕೆಳಗೆ ಮಲಗಿದವರನ್ನು ಒಬ್ಬೊಬ್ಬರಾಗಿ ನಿನ್ನ ಹೆಸರೇನವಾ ಎಂದು ಕೇಳಬೇಕಾಯಿತು. ಅವರೂ ಹೇಳಿದರು, ಅವಸರವಿಲ್ಲದೆ, ಅಪ್ಪನ ಹೆಸರು, ಗಂಡನ ಹೆಸರು, ಊರಿನ ಹೆಸರು ಸೇರಿಸಿ. ಮರದ ಕೆಳಗೆ ಮೇಜು ಇರಲಿಲ್ಲ. ತೊಡೆಯ ಮೇಲೆ ಪುಸ್ತಕ ಇಟ್ಟುಕೊಳ್ಳಲು ದಾದಾಸಾಹೇಬ ಮಣ್ಣಲ್ಲಿ ಕೂತ. ಶಾಲನ ಎರಡು ಸಲ ತಿದ್ದಿಸಿದಳು. ಕೆಳಗೆ ಕಾರ್ಖಾನೆ ಸಾಹೇಬನ ಸಹಿ ಹಾಕಿಸಿಕೊಂಡಳು.

ಆಮೇಲೆ ಐವರೂ ಎದ್ದರು. ಏಳು ದಿನ ಕೆರೆದರು, ಉಜ್ಜಿದರು, ಹಚ್ಚಿದರು, ಮೆಲ್ಲಗೆ ಕಾಯಿಸಿದರು. ಈ ಸಲ ಕುಂಚ ಅವರ ಕೈಯಲ್ಲೇ ಇತ್ತು. ಜಿನಪಾಲ ಡಬ್ಬಿಯ ಮುಚ್ಚಳ ತೆಗೆದುಕೊಡುತ್ತಿದ್ದ. ಅದನ್ನು ಚೆನ್ನಾಗಿ ಮಾಡಿದ.

ಎಂಟನೆಯ ದಿನ ಹನ್ನೆರಡನೆಯ ಕೊಳವೆ ಉಳಿಯಿತು. ಶ್ರೀಕಾರದ ಎಣ್ಣೆ ಅದಕ್ಕೆ ಗಟ್ಟಿಯಾಗಿ ಹಿಡಿದಿತ್ತು. ಒರೆಸಲು ಅರಿವೆ ಮುಗಿದಿತ್ತು. ಹಣಮವ್ವ ಸೊಂಟದಿಂದ ಖಣ ತೆಗೆದು, ಹಲ್ಲಿನಿಂದ ಅಂಚು ಕಚ್ಚಿ, ಪರ್ ಎಂದು ಹರಿದು ಐದು ತುಂಡು ಮಾಡಿ ಎಲ್ಲರಿಗೂ ಹಂಚಿದಳು.

ದಾದಾಸಾಹೇಬ ಕುರ್ಚಿಯಿಂದ ಅರ್ಧ ಎದ್ದ. “ಏ, ಅದು ನಾ ಕೊಟ್ಟ ಖಣ ಐತಿ.”

“ಹೌದ್ರಿ,” ಎಂದಳು ಹಣಮವ್ವ, ಲಾರಿಯ ಕೆಳಗಿನಿಂದಲೇ. “ಎಣ್ಣಿ ಭಾಳ ಚಲೋ ಹೀರತೈತಿ.”

ಐದು ತುಂಡುಗಳು ಕೊಳವೆಯ ಮೇಲೆ ಓಡಾಡಿ ಕಪ್ಪಾದವು. ಕಬ್ಬಿಣ ಬೆಳ್ಳಗಾಯಿತು. ಸುಟ್ಟ ಗುರುತಿನ ಕೈ ಕುಂಚ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ತೆಳ್ಳಗೆ ಎಳೆಯಿತು. ಬಣ್ಣ ಒಣಗಿದ ಮೇಲೆ ಮಾಯಪ್ಪ ಆ ಗಾಡಿ ಶುರು ಮಾಡಿದ. ಕೊಳವೆ ಮೆಲ್ಲಗೆ ಕಾದು, ಒಂದು ಎಳೆ ಹೊಗೆ ಬಿಟ್ಟು, ಬೂದುಬಣ್ಣದ ಅಂಗಿ ತೊಟ್ಟುಕೊಂಡಿತು.