ಸ್ಟೈಲಸ್ ಕಂಪನಿಯ ಪ್ಲೇಯರ್

ಲಗ್ಗೆರೆಯ ಮುನಿರಾಜುವಿನ ಅಂಗಡಿಯಲ್ಲಿ ಹಳೆಯ ಗ್ರಾಮಫೋನ್ ರೆಕಾರ್ಡನ್ನು ಹಾಕಿಸಿ ಕೇಳದೆ ಯಾರೂ ಕೊಂಡೊಯ್ಯುವಂತಿರಲಿಲ್ಲ. ಎರಡೂ ಸೈಡು ಪೂರ್ತಿ ಕೇಳಬೇಕು, ಗೀರಿದ್ದರೆ ಅಲ್ಲೇ ಹೇಳಬೇಕು. ಆಮೇಲೆ ವಾಪಸ್ ತಂದವರನ್ನು ಅವನು ಮುಖ ಎತ್ತಿಯೂ ನೋಡುತ್ತಿರಲಿಲ್ಲ. ಅವನ ಅಪ್ಪನ ಕಾಲದಲ್ಲಿ ಅದು ಮದುವೆ, ಗಣೇಶನ ಹಬ್ಬಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಆಗಿನಿಂದ ಬಿದ್ದಿದ್ದ ರೆಕಾರ್ಡುಗಳನ್ನು ಗುಜರಿಗೆ ಹಾಕಿ ಎಂದು ಹೆಂಡತಿ ಶಾಂತಿ ವರ್ಷಗಟ್ಟಲೆ ಬೈದಿದ್ದಳು. ಅಷ್ಟರಲ್ಲಿ ವೈಟ್‌ಫೀಲ್ಡ್ ಕಡೆಯವರು ಕಾರು ಮಾಡಿಕೊಂಡು ಬಂದು ಅವನ್ನೇ ಹುಡುಕತೊಡಗಿದರು. ಶಾಂತಿ ಬಾಯಿ ಮುಚ್ಚಿಕೊಂಡು ಟೀ ಕಾಯಿಸತೊಡಗಿದಳು.

ಕಾರಿನವರಿಗೆ ಈ ರೂಲ್ಸು ತಲೆನೋವು. ಮಹಾನಂದಾಳಿಗೆ ಮಾತ್ರ ಅದೇ ವರ.

ಅವಳು ಬಾದಾಮಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಪೀಣ್ಯದಲ್ಲಿ ತಗಡು ಒತ್ತುವ ಒಂದು ಪ್ರೆಸ್ ಶಾಪಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡೇ ದುಡಿಯಬೇಕು, ಮಾತೇನಿದ್ದರೂ ಕೈಸನ್ನೆ. ರೂಮಿಗೆ ಬಂದರೆ ಪಕ್ಕದ ಬಾಡಿಗೆಯವರು ಬಾಗಿಲು ಹಾಕಿಕೊಂಡು ಫೋನು ನೋಡುತ್ತಿರುತ್ತಿದ್ದರು. ಹೀಗೆ ಸೋಮವಾರದಿಂದ ಶನಿವಾರದವರೆಗೆ ಅವಳ ಬಾಯಿಗೆ ಊಟವೊಂದನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಒಂದು ಭಾನುವಾರ ಹಾದಿಯಲ್ಲಿ ಹಾರ್ಮೋನಿಯಂ ಸದ್ದು ಕೇಳಿ ಅಂಗಡಿಯೊಳಗೆ ಬಂದವಳು, ಒಂದು ಭಜನೆಯ ರೆಕಾರ್ಡು ಹಿಡಿದು, “ಅಣ್ಣಾರ, ಇದನ್ನೊಂಚೂರು ಹಚ್ರಿ” ಅಂದಳು.

“ಹಚ್ಚಕ್ಕೆ ಇದೇನ್ ದೀಪಾನಾ ಅಕ್ಕಾ?” ಅಂದ ಮುನಿರಾಜು.

ಹಾಡು ಹಾಕುವುದಕ್ಕೆ ಅವಳ ಊರಲ್ಲಿ ಹಚ್ಚುವುದು ಅನ್ನುತ್ತಾರೆಂದು ಗೊತ್ತಾದಾಗ ಶಾಂತಿ ನಕ್ಕಳು, ಮಹಾನಂದಾಳೂ ನಕ್ಕಳು. ತಾನು ನಕ್ಕು ಎಷ್ಟೋ ಕಾಲವಾಗಿತ್ತೆಂದು ರೂಮಿಗೆ ಮರಳಿದ ಮೇಲೆ ಅವಳಿಗೆ ಹೊಳೆಯಿತು. ಮುಂದಿನ ವಾರ ಮುನಿರಾಜು, “ಮನೇಲಿ ಪ್ಲೇಯರ್ ಇದ್ಯಾ?” ಎಂದು ಕೇಳಿದಾಗ, ಇಲ್ಲವೆಂದರೆ ಏಳಿಸಿ ಕಳಿಸಿಯಾನೆಂದು ಹೆದರಿ, “ಐತ್ರಿ” ಅಂದುಬಿಟ್ಟಳು.

ಅಲ್ಲಿಂದ ಭಾನುವಾರದ ಮಧ್ಯಾಹ್ನಗಳು ಅವಳವಾದವು. ಅವಳು ಸ್ಟೂಲಿನ ಮೇಲೆ ಕೂತು ಕೇಳುವಳು. ಒಂದು ಸೈಡು ಮುಗಿದು ರೆಕಾರ್ಡು ಮಗುಚಿ ಹಾಕುವಾಗ ಮುನಿರಾಜು ತನ್ನ ಮಂಡಿನೋವಿನ ಪುರಾಣ ಬಿಚ್ಚುವನು. ಶಾಂತಿ ಟೀ ಕೊಟ್ಟು, “ಏನ್ ಅಡುಗೆ ಮಾಡಿದ್ರಿ ಇವತ್ತು?” ಎಂದು ಕೇಳುವಳು. ಈ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಎಂದೇ ಮಹಾನಂದಾ ಭಾನುವಾರ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದಳು. ಉಳಿದ ದಿನ ರೊಟ್ಟಿಗೆ ಚಟ್ನಿಪುಡಿಯೇ ಗತಿ. ಕೊನೆಗೆ ಏನಾದರೊಂದು ಕುಂದು ಹುಡುಕಿ, “ಕರಕರ ಅಂತೈತ್ರಿ” ಎಂದು ರೆಕಾರ್ಡನ್ನು ಅಲ್ಲೇ ಇಟ್ಟು ಹೊರಡುವಳು. ತೀರಾ ನಾಚಿಕೆಯಾದಾಗ ಒಂದನ್ನು ಕೊಳ್ಳುವಳು. ಕೊಂಡವು ರೂಮಿನಲ್ಲಿ ಟ್ರಂಕಿನ ಮೇಲೆ ಮೂಕವಾಗಿ ಕೂತಿರುತ್ತಿದ್ದವು.

ಆ ಅಂಗಡಿಗೆ ಲಿಖಿತ್ ಎಂಬ ಸಾಫ್ಟ್‌ವೇರ್ ಹುಡುಗನೊಬ್ಬ ಬರುತ್ತಿದ್ದ. ರೆಕಾರ್ಡಿನ ಕವರುಗಳನ್ನು ಗೋಡೆಗೆ ನೇತುಹಾಕುವುದು ಅವನ ಶೋಕಿ. ಮನೆಯಲ್ಲಿ ಪ್ಲೇಯರ್ ಇದ್ದರೂ ಕೇಳಲು ಪುರುಸೊತ್ತಿಲ್ಲ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಒಂದು ದಿನ ಅವನು ಹಳೆಯ ಪ್ಲೇಯರ್ ಒಂದನ್ನು ಮಾರಲು ತಂದವನು, ಮಾತಿಗೆ ಮಾತು ಬಂದು, “ನಿಮ್ದು ಯಾವ ಸ್ಟೈಲಸ್ ಮೇಡಂ?” ಎಂದು ಕೇಳಿದ.

“ನಮ್ಮದೂ ಸ್ಟೈಲಸ್ ಕಂಪನೀದ ಐತ್ರಿ,” ಅಂದಳು ಮಹಾನಂದಾ ಠೀವಿಯಿಂದ. “ಭಾಳ ಛಲೋ ನಡಿತೈತಿ.”

ಸ್ಟೈಲಸ್ ಎಂದರೆ ರೆಕಾರ್ಡಿನ ಮೇಲೆ ಓಡುವ ಮುಳ್ಳು. ಕಂಪನಿಯೂ ಅಲ್ಲ, ಕಾರ್ಖಾನೆಯೂ ಅಲ್ಲ. ಲಿಖಿತ್ ಕೆಮ್ಮು ಬಂದವನಂತೆ ಬಾಯಿಗೆ ಕೈ ಅಡ್ಡ ಹಿಡಿದ. ಮುನಿರಾಜು ನಗಲಿಲ್ಲ. ಅವಳಲ್ಲಿ ಪ್ಲೇಯರೇ ಇಲ್ಲವೆಂದು ತಿಳಿದು ಅವನ ಮನಸ್ಸು ಕರಗಿಹೋಗಿತ್ತು, ಅನಾಹುತವಾದದ್ದೇ ಅಲ್ಲಿ.

ಮುಂದಿನ ಭಾನುವಾರ ಅವನು ಆ ಹಳೆಯ ಪ್ಲೇಯರನ್ನು ರಿಪೇರಿ ಮಾಡಿ, ಬೆಡ್‌ಶೀಟಿನಲ್ಲಿ ಸುತ್ತಿ ಸ್ಕೂಟರಿನ ಮೇಲಿಟ್ಟುಕೊಂಡು ಅವಳ ರೂಮಿಗೇ ಬಂದ. ಅವಳ ಸುಳ್ಳಿನ ಮಾತೇ ಎತ್ತಲಿಲ್ಲ. “ಒಂದಿದ್ರೆ ಇನ್ನೊಂದು ಇರ್ಲಿ ಅಕ್ಕಾ. ದುಡ್ಡುಗಿಡ್ಡು ಅಂದ್ರೆ ಬೈತೀನಿ,” ಅಂದ. ಮುಳ್ಳು ಇಳಿಸುವುದನ್ನು ಕಲಿಸಿಕೊಟ್ಟ. “ಇನ್ಮೇಲೆ ರಾಣಿ ಥರ ಮನೇಲೇ ಕೂತ್ಕೊಂಡ್ ಕೇಳಿ!”

ಅವನು ಹೋದ ಮೇಲೆ ಮಹಾನಂದಾ ಬಾಗಿಲು ಹಾಕಿ ಒಂದು ರೆಕಾರ್ಡು ಹಚ್ಚಿದಳು. ಹಾಡು ಚೆನ್ನಾಗಿಯೇ ಬಂತು. ಒಂದು ಕಡೆ ಹಾಡುಗಾರ ದನಿ ಎಳೆದದ್ದಕ್ಕೆ, “ಆಹಾ, ಕೇಳಿದ್ರೇನ್ರಿ!” ಎಂದು ತಿರುಗಿದಳು. ಎದುರಿಗಿದ್ದದ್ದು ಗ್ಯಾಸ್ ಸಿಲಿಂಡರು. ಸೈಡು ಮುಗಿದು ಮುಳ್ಳು ಸುಮ್ಮನೆ ಕೆರೆಯುತ್ತಲೇ ಇತ್ತು. ಎದ್ದು ಮಗುಚಿ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಹಾಡಿಲ್ಲದಾಗ ಆ ರೂಮು ಇಷ್ಟು ಖಾಲಿ ಇರಲಿಲ್ಲ ಎನ್ನಿಸಿ ಅಳು ಬಂತು.

ಮರುವಾರ ಎಂದಿನಂತೆ ಅಂಗಡಿಗೆ ಹೋಗಿ ಒಂದು ರೆಕಾರ್ಡು ಆರಿಸಿದಳು. ಸ್ಟೂಲಿನ ಕಡೆ ತಿರುಗುವಷ್ಟರಲ್ಲಿ ಮುನಿರಾಜು ಅದನ್ನು ಕವರಿಗೆ ತುಂಬಿ ಕೈಗಿತ್ತ. “ನಿಮಗ್ಯಾಕೆ ರೂಲ್ಸು? ಆರಾಮಾಗಿ ಮನೇಲಿ ಕೇಳಿ. ಗೀರಿದ್ರೆ ವಾಪಸ್ ತನ್ನಿ, ಬೇರೆ ಕೊಡ್ತೀನಿ.” ಯಾರಿಗೂ ಕೊಡದ ಮರ್ಯಾದೆ ಅದು. ಒಳಗೆ ಟೀ ಕುದಿಯುವ ವಾಸನೆ ಬರುತ್ತಿತ್ತು. ಮಹಾನಂದಾ ಬೀದಿಯಲ್ಲಿ ನಿಂತು ಕೈಯಲ್ಲಿದ್ದ ಕವರು ನೋಡಿದಳು. ಅವಮಾನ ಮಾಡಿದವರ ಮೇಲೆ ಜಗಳಕ್ಕೆ ಹೋಗಬಹುದು. ಉಪಕಾರ ಮಾಡಿದವರನ್ನು ಏನೆಂದು ಬೈಯುವುದು? ಮನೆಯಲ್ಲಿ ಮಾಡಿಟ್ಟ ಎಣ್ಣೆಗಾಯಿಯ ಬಗ್ಗೆ ಆ ದಿನ ಯಾರೂ ಕೇಳಲಿಲ್ಲ.

ವಾರವೆಲ್ಲ ಅದನ್ನೇ ಯೋಚಿಸಿ, ಭಾನುವಾರ ಪ್ಲೇಯರನ್ನು ಆಟೋದಲ್ಲಿ ಹೊತ್ತು ತಂದು ಕೌಂಟರಿನ ಮೇಲಿಟ್ಟಳು.

“ಕೆಟ್ಟೈತ್ರಿ. ನಡಿಯಾವಲ್ದು.”

ಮುನಿರಾಜು ಪ್ಲಗ್ ಹಾಕಿ, ಕೈಗೆ ಸಿಕ್ಕ ರೆಕಾರ್ಡು ಇಟ್ಟು ಮುಳ್ಳು ಇಳಿಸಿದ. ಹೆಣ್ಣುದನಿಯೊಂದು ಒಂದಿಷ್ಟೂ ಕರಕರವಿಲ್ಲದೆ ಅಂಗಡಿ ತುಂಬಿತು. ತಂತಿಯನ್ನಾದರೂ ಕಿತ್ತು ತರಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮುಖ ಎತ್ತಲಾಗದೆ ತನ್ನ ಚಪ್ಪಲಿ ನೋಡುತ್ತ ನಿಂತಳು. ಇನ್ನು ಈ ಬಾಗಿಲೂ ಮುಚ್ಚಿತು ಅಂದುಕೊಂಡಳು.

ಶಾಂತಿ ಒಳಗಿನಿಂದ ಬಂದು ಅವಳನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಮುನಿರಾಜು ಪೆಟ್ಟಿಗೆಗೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿದ.

“ಹೌದಕ್ಕಾ,” ಅಂದ. “ಪೂರ್ತಿ ಕೆಟ್ಟೋಗಿದೆ.”

ಹಾಡು ಎರಡನೆಯ ಚರಣಕ್ಕೆ ಬಂದಿತ್ತು.

“ರಿಪೇರಿ ಆಗ್ತೈತೇನ್ರಿ?” ಎಂದು ಕೇಳಿದಳು ಮಹಾನಂದಾ.

“ಕಷ್ಟ. ಇದಕ್ಕೆ ಸ್ಪೇರ್ ಸಿಗಲ್ಲ. ಇಲ್ಲೇ ಇರ್ಲಿ ಬಿಡಿ, ವಾರ ವಾರ ಬಂದು ವಿಚಾರಿಸ್ತಾ ಇರಿ.”

ಶಾಂತಿ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಕ್ಕೆ ಎಳೆದಳು. ಮಹಾನಂದಾ ಕೂತು ಕಣ್ಣೊರೆಸಿಕೊಂಡಳು.

“ಬರ್ತೀನ್ರಿ,” ಅಂದಳು. ಎದ್ದು ಹೋಗಲಿಲ್ಲ.